ಬರಿದಾಗಿ ಕಂಡ ಅಂಗಳ

ನಮ್ಮ ಓಣಿಯ ಮುದುಕಿಯರಿಗೆಲ್ಲ ಸೂಜಿಗೆ ದಾರ ಪೋಣಿಸಿಕೊಡುತ್ತಿದ್ದವಳು ಕಸ್ತೂರಿ ಕಾಕು. ಗೋಕಾಕದಲ್ಲಿ ನಮ್ಮ ಮನೆಯ ಗೋಡೆಗೆ ಅಂಟಿಕೊಂಡಿದ್ದ ಒಂದು ಕೋಣೆಯಲ್ಲಿ ಆಕೆ ಬಾಡಿಗೆಗಿದ್ದಳು. ಜೋಳದ ರೊಟ್ಟಿ ಬಡಿದು ಖಾನಾವಳಿಗಳಿಗೆ ಕೊಟ್ಟು ಹೊಟ್ಟೆ ಹೊರೆಯುತ್ತಿದ್ದಳು. ಕೌದಿ ಹೊಲಿಯುವ ಮುದುಕಿಯರು ಸೂಜಿ ಹಿಡಿದು ಬಂದರೆ, ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿಕೊಂಡು ಒಂದೇ ಸಲಕ್ಕೆ ದಾರ ತೂರಿಸಿಬಿಡುತ್ತಿದ್ದಳು. ಅದೇ ಕಾಕು ಎದ್ದು ನಡೆದಳೆಂದರೆ ಬಾಗಿಲ ಬಳಿ ಇಟ್ಟ ಕೊಡವನ್ನು ಎಡವಿ ಉರುಳಿಸುತ್ತಿದ್ದಳು. ಅರ್ಧ ತೆರೆದ ಬಾಗಿಲಿನ ಅಂಚು ಹಣೆಗೆ ಬಡಿದು ಬುಗುಟು ಎದ್ದಿರುತ್ತಿತ್ತು. ಬಾಜೂಕ್ಕೆ, ಪಕ್ಕದಲ್ಲೇ, ನಿಂತು ನಕ್ಕವರ ಕಡೆಗೆ ತಿರುಗಿಯೂ ನೋಡದೆ ಮುಂದೆ ಹೋಗುತ್ತಿದ್ದಳು.

"ಸೂಜಿ ತೂತ ಕಾಣ್ತೈತಿ, ಮನಷ್ಯಾರ ಕಾಣಂಗಿಲ್ಲ ಆಕಿಗೆ. ಅದು ಕಣ್ಣಲ್ಲವಾ, ಸೊಕ್ಕು" ಎಂದು ಓಣಿಯವರು ಆಡಿಕೊಳ್ಳುತ್ತಿದ್ದರು. ಕಾಕು ಅದನ್ನು ಕೇಳಿಸಿಕೊಂಡೂ ಸುಮ್ಮನಿರುತ್ತಿದ್ದಳು. ಅದಕ್ಕಿಂತ ದೊಡ್ಡ ಮಾತನ್ನು ಆಕೆ ಹಿಂದೆಯೇ ಕೇಳಿ ಬಂದಿದ್ದಳು.

ನಾನು ಸಮ್ರೀನ. ಹುಕ್ಕೇರಿಯ ಒಂದು ಹೈಸ್ಕೂಲಿನಲ್ಲಿ ಚಿತ್ರಕಲೆ ಕಲಿಸುತ್ತೇನೆ. ನಮ್ಮಪ್ಪ ಬಾಬಾಲಾಲ ಅಂಗಡಿಗಳಿಗೆ ಬೋರ್ಡು ಬರೆಯುತ್ತಿದ್ದರು, ಬ್ರಶ್ಶು ಹಿಡಿಯುವುದು ನನಗೆ ಅವರಿಂದ ಬಂದದ್ದು. ಕಾಕು ನಮ್ಮ ಪಕ್ಕದ ಕೋಣೆಗೆ ಬಂದಾಗ ನಾನು ಇನ್ನೂ ಸಣ್ಣವಳು. ಆಕೆಗೆ ಗಂಡನಿದ್ದಾನೆ, ಜೊತೆಗಿಲ್ಲ ಎಂದು ಗೊತ್ತಿತ್ತು. ಒಂದು ಗಂಡು ಮಗು ಇತ್ತು, ತೀರಿಕೊಂಡಿತು ಎಂದೂ ಗೊತ್ತಿತ್ತು. ಹೇಗೆ ತೀರಿಕೊಂಡಿತು ಎಂಬುದನ್ನು ಅಮ್ಮ ಮೌಲಾಬಿ ನನಗೆ ಹೇಳಿದ್ದು ನಾನು ಕಾಲೇಜಿಗೆ ಹೋಗತೊಡಗಿದ ಮೇಲೆ.

ಕಾಕು ಹುಟ್ಟಿದ್ದು ಮಸಗುಪ್ಪಿಯಲ್ಲಿ. ಆಕೆಯ ತಾಯಿಯನ್ನು ಸ್ವಂತ ಸೋದರಮಾವನಿಗೇ ಕೊಟ್ಟು ಮದುವೆ ಮಾಡಿದ್ದರು. ಆ ಕಡೆ ಅದು ಹೊಸದೇನಲ್ಲ. ಕಾಕು ಸಣ್ಣವಳಿದ್ದಾಗಲೇ ಹೊತ್ತು ಮುಳುಗಿದರೆ ಗೋಡೆ ಹಿಡಿದು ನಡೆಯುತ್ತಿದ್ದಳಂತೆ. ಇರುಳುಗುರುಡಿಗೆಂದು ನುಗ್ಗಿ ತಪ್ಪಲು ತಿನ್ನಿಸಿದರು, ಗಜ್ಜರಿ ತಿನ್ನಿಸಿದರು. ಹಗಲು ಎಲ್ಲ ಸರಿಯಾಗಿ ಕಾಣುತ್ತದಲ್ಲ ಎಂದು ಮುಂದೆ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಮದುವೆ ಗೊತ್ತಾದಾಗ ತಾಯಿ ಕೂರಿಸಿಕೊಂಡು ಹೇಳಿದ್ದು ಇಷ್ಟು: "ಗಂಡನ ಮನ್ಯಾಗ ಇದರ ಮಾತ ಎತ್ತಬ್ಯಾಡ. ಹೊತ್ತ ಮುಳಗೂದ್ರಾಗ ಕೆಲಸಾ ಮುಗಿಸ್ಕೋ. ಅಷ್ಟ."

ಕೊಟ್ಟದ್ದು ತುಕ್ಕಾನಟ್ಟಿಗೆ. ಗಂಡ ಲಕ್ಕಪ್ಪ ಬೆಲ್ಲದ ಗಾಣದಲ್ಲಿ ಪಾಕ ನೋಡುವವನು. ಕುದಿಯುವ ಕಬ್ಬಿನ ಹಾಲನ್ನು ಯಾವಾಗ ಕೊಪ್ಪರಿಗೆಯಿಂದ ಇಳಿಸಬೇಕೆಂದು ಬಣ್ಣ ನೋಡಿಯೇ ಹೇಳುತ್ತಿದ್ದ. ಒಳ್ಳೆಯ ಮನುಷ್ಯ. ಬೆಲ್ಲ ಇಳಿಸಿದ ದಿನ ಕೊಪ್ಪರಿಗೆಯ ಅಂಚಿಗೆ ಹತ್ತಿದ ಬಿಸಿ ಬೆಲ್ಲವನ್ನು ಎಲೆಯಲ್ಲಿ ಸುತ್ತಿ ತಂದು ಹೆಂಡತಿಯ ಕೈಯಲ್ಲಿಡುತ್ತಿದ್ದ. ಅತ್ತೆ ಉದ್ದವ್ವ ಮಾತಿನಲ್ಲಿ ಗಟ್ಟಿ, ಆದರೆ ಸೊಸೆಗೆ ಹೊಟ್ಟೆ ತುಂಬ ಉಣ್ಣಲು ಇಕ್ಕುತ್ತಿದ್ದಳು. ಮಗ ಹುಟ್ಟಿದ. ಗುರುಪಾದ ಎಂದು ಹೆಸರಿಟ್ಟರು. ನಡೆಯಲು ಕಲಿತು ಇನ್ನೂ ಬಹಳ ದಿನವಾಗಿರಲಿಲ್ಲ, ಅಂಗಳದ ತುಂಬ ಅವನದೇ ಓಡಾಟ.

ಅಂದು ಮಧ್ಯಾಹ್ನ ಕಾಕು ಅಂಗಳದಲ್ಲಿ ಕುಳಿತು ಗೋವಿನಜೋಳದ ತೆನೆ ಬಿಡಿಸುತ್ತಿದ್ದಳು. ಮಗು ಬಾಜೂಕ್ಕೇ ಕುಳಿತು ಬರಿ ದಿಂಡುಗಳನ್ನು ಒಂದರ ಮೇಲೊಂದು ಪೇರಿಸುತ್ತಿತ್ತು. ಸ್ವಲ್ಪ ಹೊತ್ತಿಗೆ ಸದ್ದು ನಿಂತಿತು. ಕಾಕು ತಲೆಯೆತ್ತಿ ಅಂಗಳದತ್ತ ಒಮ್ಮೆ ನೋಡಿದಳು. ಬೇವಿನ ಗಿಡ ಕಂಡಿತು, ಎಮ್ಮೆಯ ಗೂಟ ಕಂಡಿತು, ಅದರಾಚೆ ಬಿಸಿಲು ಬಿದ್ದ ನೆಲ ಕಂಡಿತು. ಮಗು ಇರಲಿಲ್ಲ. ಅಜ್ಜಿಯ ಹತ್ತಿರ ಹೋಗಿರಬೇಕೆಂದು ಎದ್ದು ಒಳಗೆ ಹೋದಳು. ಪಡಸಾಲೆ, ಅಡುಗೆಮನೆ, ಹಿತ್ತಲು ಎಲ್ಲ ಹುಡುಕಿ ಹೊರಗೆ ಬರುವಷ್ಟರಲ್ಲಿ ಎಮ್ಮೆಗಳಿಗೆಂದು ಗಿಡ್ಡ ಕಟ್ಟೆ ಹಾಕಿ ಕಟ್ಟಿದ್ದ ನೀರಿನ ತೊಟ್ಟಿಯಲ್ಲಿ ಮಗು ತೇಲುತ್ತಿತ್ತು.

ಇಂಥದ್ದು ಹಳ್ಳಿಗಳಲ್ಲಿ ಆಗುತ್ತದೆ. ಜನ ಅಳುತ್ತಾರೆ, ತಾಯಿಯನ್ನು ಹಿಡಿದು ಕೂರುತ್ತಾರೆ. ಕಾಕುಗೂ ಅಷ್ಟು ಸಿಗಬೇಕಾಗಿತ್ತು. ಆದರೆ ಅಂದು ಮೋಟು ಗೋಡೆಯ ಆಚೆ ಪಕ್ಕದ ಮನೆಯ ಭರಮವ್ವ ಅರಿಬಿ ಒಣಹಾಕುತ್ತಿದ್ದಳು. ಅವಳು ಎಲ್ಲವನ್ನೂ ನೋಡಿದ್ದಳು. ಎದೆ ಬಡಿದುಕೊಂಡು ಅಳುತ್ತಲೇ ಹೇಳಿದಳು.

"ಕೂಸು ತೊಟ್ಟಿ ಕಟ್ಟಿ ಮ್ಯಾಲ ಕೈ ಇಟ್ಟ ನಿಂತಿತ್ತ. ಈಕಿ ಮಾರಿ ಎತ್ತಿ ಅತ್ತಾಗ ನೋಡಿದ್ಲು. ನೋಡಿ ಒಳಗ ಹೋದ್ಲು. ಹಡದಾಕಿನ ನೋಡ್ಯಾಳಲ್ಲ ಅಂತ ನಾನೂ ಈ ಕಡೆ ತಿರಗಿದೆ."

ಭರಮವ್ವ ಸುಳ್ಳು ಹೇಳುವವಳಲ್ಲ. ಕಾಕುನ ಮೇಲೆ ಅವಳಿಗೆ ಹಗೆಯೂ ಇರಲಿಲ್ಲ. ಹಾಗಾಗಿಯೇ ಎಲ್ಲರೂ ನಂಬಿದರು. ಮಗುವನ್ನು ಹೊಲದ ಬದುವಿನಲ್ಲಿ ಮಣ್ಣು ಮಾಡಿ ಬಂದ ಮೇಲೆ ಲಕ್ಕಪ್ಪ ಹೆಂಡತಿಯನ್ನು ಒಮ್ಮೆ, ಒಂದೇ ಒಮ್ಮೆ ಕೇಳಿದ.

"ಅತ್ತಾಗ ನೋಡಿದ್ದೇನ?"

"ನೋಡಿದೆ."

"ಇದ್ದನೇನ?"

"ಇರಲಿಲ್ಲರಿ. ನೆಲಾ ಖಾಲಿ ಇತ್ತ."

ಲಕ್ಕಪ್ಪ ಮತ್ತೆ ಕೇಳಲಿಲ್ಲ. ಮುಂದೆ ಯಾವುದನ್ನೂ ಕೇಳಲಿಲ್ಲ. ಊಟಕ್ಕೆ ಬಾ ಅನ್ನಲಿಲ್ಲ, ಗಾಣದಿಂದ ಬಂದೆ ಅನ್ನಲಿಲ್ಲ. ಉದ್ದವ್ವ ಮಾತ್ರ ಓಣಿಗೆ ಕೇಳುವಂತೆ ಅಂದಳು: "ಕಣ್ಣ ಇದ್ದೂ ನೋಡಲಿಲ್ಲ. ಇಲ್ಲಾ, ನೋಡೀನ ಬಿಟ್ಟಾಳ." ಈ ಎರಡನೆಯ ಮಾತು ತುಕ್ಕಾನಟ್ಟಿಯಿಂದ ಮಸಗುಪ್ಪಿಗೆ ಹೋಗಲು ಬಹಳ ಹೊತ್ತು ಹಿಡಿಯಲಿಲ್ಲ. ಅಣ್ಣ ಹಣಮಂತ ಬಂದು ತಂಗಿಯನ್ನು ಕರೆದೊಯ್ದ. ಮಣ್ಣು ಮಾಡಿದ ಜಾಗಕ್ಕೂ ಆಕೆಯನ್ನು ಹೋಗಗೊಡಲಿಲ್ಲ. ಕೆಲವು ವರ್ಷಗಳಲ್ಲಿ ಲಕ್ಕಪ್ಪ ಇನ್ನೊಂದು ಮದುವೆಯಾದ. ಅಣ್ಣನ ಮನೆಯಲ್ಲೂ ಅತ್ತಿಗೆ ತನ್ನ ಮಕ್ಕಳನ್ನು ಕಾಕುನ ಹತ್ತಿರ ಬಿಡದೆ ಹೊರಗೆ ಹೋಗುವಾಗ ಜೊತೆಗೇ ಕರೆದೊಯ್ಯತೊಡಗಿದಳು. ಅದು ತಿಳಿದ ದಿನವೇ ಕಾಕು ಬಟ್ಟೆ ಗಂಟು ಕಟ್ಟಿಕೊಂಡು ಗೋಕಾಕಕ್ಕೆ ಬಂದಳು.

"ನೆಲಾ ಖಾಲಿ ಇತ್ತವಾ ಮೌಲಾಬಿ. ದೇವರಾಣಿ, ಖಾಲಿ ಇತ್ತ" ಎಂದು ಅಮ್ಮನ ಮುಂದೆ ಅತ್ತಿದ್ದಳಂತೆ. ಅಮ್ಮ ನಂಬಿದ್ದಳೋ ಇಲ್ಲವೋ, ಆಕೆಯ ಬೆನ್ನು ಸವರಿದ್ದಳು.

ನಾನು ಕೆಲಸಕ್ಕೆ ಸೇರಿ ಕೆಲವು ವರ್ಷಗಳಾದ ಮೇಲೆ ಬೆಳಗಾವಿಯ ಕಣ್ಣಿನ ಡಾಕ್ಟರರೊಬ್ಬರು ನಮ್ಮ ಶಾಲೆಗೆ ಬಂದಿದ್ದರು. ಹುಕ್ಕೇರಿ ಸುತ್ತಲಿನ ಹಳ್ಳಿಗಳಲ್ಲಿ ತಪಾಸಣೆ ಶಿಬಿರ ಮಾಡುವವರಿದ್ದರು. ಮಾತಿನಲ್ಲಿ ಹೇಳಿದರೆ ಜನಕ್ಕೆ ತಿಳಿಯುವುದಿಲ್ಲ, ದೊಡ್ಡ ದೊಡ್ಡ ಚಿತ್ರ ಬರೆದು ಕೊಡಿ ಎಂದು ನನ್ನನ್ನು ಕೇಳಿದರು. ಕಣ್ಣು ಹೇಗೆ ನೋಡುತ್ತದೆ, ಪೊರೆ ಬಂದರೆ ಹೇಗೆ ಕಾಣುತ್ತದೆ, ಸಕ್ಕರೆ ಕಾಯಿಲೆಯಿಂದ ಏನಾಗುತ್ತದೆ ಎಂಬ ಚಿತ್ರಗಳು. ಅವುಗಳ ಜೊತೆಗೆ ಕಣ್ಣಿಗೆ ಮೋಸ ಮಾಡುವ ಕೆಲವು ಚಿತ್ರಗಳನ್ನೂ ಬೇಕೆಂದರು. "ನಾವು ಕಣ್ಣಿಂದ ನೋಡ್ತೀವಿ ಅಂತ ಎಲ್ಲಾರೂ ತಿಳ್ಕೊಂಡಾರ್ರಿ ಟೀಚರ್. ಅರ್ಧ ನೋಡೋದು ತಲಿ. ಅದನ್ನ ಮೊದಲು ತೋರಸ್ರಿ, ಆಮ್ಯಾಲೆ ಉಳಿದದ್ದು ತಿಳೀತೈತಿ" ಎಂದರು ಆ ಡಾಕ್ಟರಮ್ಮ.

ಬೇಸಿಗೆ ಸೂಟಿಯಲ್ಲಿ ಗೋಕಾಕದ ಮನೆಯ ಪಡಸಾಲೆಯಲ್ಲಿ ಹಾಳೆ ಹರವಿಕೊಂಡು ಕುಳಿತೆ. ಒಂದು ಬೆಳಿಗ್ಗೆ ಕಾಕು ನಮಗೆ ರೊಟ್ಟಿ ಕೊಡಲು ಬಂದು, ಬಣ್ಣದ ಡಬ್ಬಿಯೊಂದನ್ನು ಎಡವಿ, ಬೈಸಿಕೊಳ್ಳುವ ಮೊದಲೇ ನೆಲದ ಮೇಲೆ ಕುಳಿತುಬಿಟ್ಟಳು.

"ಏನ ಬರಿಯಾಕತ್ತಿ ಸಮ್ರೀನ?"

ನಾನು ಎರಡು ಗೆರೆಗಳ ಚಿತ್ರ ತೋರಿಸಿದೆ. ಒಂದರ ತುದಿಗಳಲ್ಲಿ ಬಾಣದ ರೆಕ್ಕೆ ಒಳಕ್ಕೆ ಮಡಿಚಿವೆ, ಇನ್ನೊಂದರಲ್ಲಿ ಹೊರಕ್ಕೆ ಚಾಚಿವೆ. ಯಾವುದು ಉದ್ದ ಎಂದು ಕೇಳಿದೆ. ಕಾಕು ಸಂಶಯವೇ ಇಲ್ಲದೆ ರೆಕ್ಕೆ ಹೊರಗೆ ಚಾಚಿದ್ದನ್ನು ತೋರಿಸಿದಳು. ದಾರ ಕೊಟ್ಟು ಅಳೆಯಲು ಹೇಳಿದೆ. ಎರಡೂ ಒಂದೇ ಅಳತೆ. ಇನ್ನೊಮ್ಮೆ ಅಳೆದಳು. "ಅಯ್ಯ ಇದರ! ಗೊತ್ತಾದ ಮ್ಯಾಲೂ ಇದ ಉದ್ದ ಕಾಣ್ತೈತಲ್ಲ" ಎಂದು ನಕ್ಕಳು. ಕಾಕು ನಗುವುದು ಅಪರೂಪ. ಅಮ್ಮನೂ ಒಲೆ ಬಿಟ್ಟು ಬಂದು ಕುಳಿತಳು.

ಆ ಹುರುಪಿನಲ್ಲಿ ನಾನು ಇನ್ನೊಂದು ರಟ್ಟು ತೆಗೆದೆ. ಅಂಗೈಯಗಲದ ಹಳದಿ ರಟ್ಟು. ಎಡಕ್ಕೆ ಒಂದು ಕೂಡಿಸುವ ಚಿಹ್ನೆ, ಬಲಕ್ಕೆ ಒಂದು ಕರಿ ಚುಕ್ಕೆ. ಎಡಗಣ್ಣು ಮುಚ್ಚಿ, ಬಲಗಣ್ಣಿನಿಂದ ಚಿಹ್ನೆಯನ್ನೇ ನೋಡುತ್ತ ರಟ್ಟನ್ನು ಮೆಲ್ಲಗೆ ಮುಖದ ಹತ್ತಿರ ತಂದರೆ ಒಂದು ಕಡೆ ಚುಕ್ಕೆ ಮಾಯವಾಗುತ್ತದೆ. ಮೊದಲು ಅಮ್ಮ ನೋಡಿದಳು. "ಹಾಯ್ ಅಲ್ಲಾ, ಹೋತು!" ಎಂದು ಕೂಗಿ ರಟ್ಟನ್ನು ತಿರುಗಿಸಿ ಹಿಂದೆ ನೋಡಿದಳು.

ನಾನು ವಿವರಿಸಿದೆ. ಕಣ್ಣಿನ ಹಿಂದಿನ ಪರದೆಯಲ್ಲಿ ನರ ಹೊರಗೆ ಹೋಗುವ ಒಂದು ಜಾಗವಿದೆ, ಅಲ್ಲಿ ನೋಟವಿಲ್ಲ. ಪ್ರತಿಯೊಬ್ಬರ ಕಣ್ಣಿನಲ್ಲೂ ಅಂಥ ತೂತು ಇದೆ. ಆದರೆ ಯಾರಿಗೂ ತೂತು ಕಾಣುವುದಿಲ್ಲ. ತಲೆ ಸುತ್ತಲಿನ ಬಣ್ಣವನ್ನೇ ತಂದು ಅಲ್ಲಿ ತೇಪೆ ಹಚ್ಚುತ್ತದೆ. ಹಳದಿ ರಟ್ಟಿನ ಮೇಲೆ ಹಳದಿ ತೇಪೆ, ಬಿಳಿ ಹಾಳೆಯ ಮೇಲೆ ಬಿಳಿ ತೇಪೆ. ಚುಕ್ಕೆ ಇದ್ದಲ್ಲಿ ಏನೂ ಇರಲೇ ಇಲ್ಲ ಎಂಬಂತೆ.

"ಕೊಡಿಲ್ಲೆ" ಎಂದು ಕಾಕು ರಟ್ಟು ತೆಗೆದುಕೊಂಡಳು. ಚಿಹ್ನೆಯನ್ನು ನೋಡಿದಳು.

"ಚುಕ್ಕಿ ಎಲ್ಲೈತಿ?"

"ಬಲಕ್ಕ ಐತಿ ಕಾಕು. ಮೊದಲ ಒಂದ ಕಣ್ಣ ಮುಚ್ಚಬೇಕ."

"ಮುಚ್ಚತೇನಿ. ಚುಕ್ಕಿ ಎಲ್ಲೈತಿ ಅದನ್ನರ ಹೇಳು. ನೀ ಬರದ ಇಲ್ಲ."

ಆಕೆಯ ಎರಡೂ ಕಣ್ಣು ತೆರೆದಿದ್ದವು. ಚುಕ್ಕೆ ಚಿಹ್ನೆಯಿಂದ ನಾಲ್ಕು ಬೆರಳು ಆಚೆ ಇತ್ತು. ನಾನು ಆಕೆಯ ಬೆರಳು ಹಿಡಿದು ಚುಕ್ಕೆಯ ಮೇಲೆ ಇಟ್ಟೆ. ಕಾಕು ಮುಖವನ್ನು ಆ ಕಡೆ ತಿರುಗಿಸಿದಳು. "ಹಾ, ಈಗ ಬಂತು" ಎಂದಳು. ಮತ್ತೆ, "ಈಗ ಆ ಕೂಡಸೂದು ಹೋತಲ್ಲ" ಎಂದಳು.

ಅಮ್ಮ ನನ್ನ ಮುಖ ನೋಡಿದಳು. ಕಾಕು ಮಾತ್ರ ಆಟವೆಂದೇ ತಿಳಿದು ಮುಖವನ್ನು ಅತ್ತ ಇತ್ತ ಹೊರಳಿಸುತ್ತ, ಬಂತು, ಹೋತು ಎನ್ನುತ್ತ ನಗುತ್ತಿದ್ದಳು.

ಆ ವಾರವೇ ಆಕೆಯನ್ನು ಬೆಳಗಾವಿಗೆ, ಅದೇ ಡಾಕ್ಟರಮ್ಮನ ಆಸ್ಪತ್ರೆಗೆ ಕರೆದೊಯ್ದೆ. ಗದ್ದವನ್ನು ಒಂದು ಯಂತ್ರದ ಮೇಲೆ ಇಟ್ಟು, ಒಂದೊಂದೇ ಕಣ್ಣು ಮುಚ್ಚಿ, ಬೆಳಕು ಮಿಣುಕಿದಾಗಲೆಲ್ಲ ಗುಂಡಿ ಒತ್ತಲು ಹೇಳಿದರು. ಒಳಗೆ ಬೆಳಕು ಮಿಣುಕುತ್ತಲೇ ಇತ್ತು. ಕಾಕುನ ಬೆರಳು ಬಹಳ ಹೊತ್ತು ಸುಮ್ಮನೆ ಇರುತ್ತಿತ್ತು. ಕೊನೆಗೆ ಬಂದ ಕಾಗದದ ತುಂಬ ಕಪ್ಪು, ನಡುವೆ ಗೋಲಿಯಷ್ಟು ಬಿಳಿ.

ಡಾಕ್ಟರಮ್ಮ ತಂದೆ ತಾಯಿಯ ಸಂಬಂಧ ಕೇಳಿದರು. ಇದು ಹುಟ್ಟಿನಿಂದ ಬಂದ ರೋಗ, ಕಣ್ಣಿನ ಪರದೆ ಅಂಚಿನಿಂದ ಒಳಕ್ಕೆ ಸಾಯುತ್ತ ಬರುತ್ತದೆ, ಮೊದಲು ಸಂಜೆಯ ನೋಟ ಹೋಗುತ್ತದೆ, ಆಮೇಲೆ ಬಾಜೂಕಿನದು ಹೋಗುತ್ತದೆ, ನಡುವಿನದು ಕೊನೆಯವರೆಗೆ ಉಳಿಯುತ್ತದೆ ಎಂದರು. ಔಷಧವಿಲ್ಲ ಎಂಬುದನ್ನೂ ಮುಚ್ಚಿಡಲಿಲ್ಲ. ಕಾಕುಗೆ ತಿಳಿಯಲೆಂದು ಗೋಡೆಗೆ ಹಚ್ಚಿದ್ದ ಚಿತ್ರವೊಂದನ್ನು ತೋರಿಸಿದರು. ಅದನ್ನು ನಾನೇ ಸೂಟಿಗೆ ಮೊದಲೇ ಬರೆದು ಕೊಟ್ಟಿದ್ದೆ. ಸಂತೆಯ ಚಿತ್ರ, ಸುತ್ತ ಗಾಢ ಕಪ್ಪು, ನಡುವೆ ಒಂದು ದುಂಡು ಕಿಂಡಿ, ಅದರಲ್ಲಿ ಒಬ್ಬ ಕಾಯಿಪಲ್ಲೆ ಮಾರುವವಳು.

ಕಾಕು ಅದರ ಮೇಲೆಲ್ಲ ಮುಖ ಆಡಿಸಿ ನೋಡಿದಳು.

"ಹಿಂಗಿಲ್ಲರಿ ನಂದು. ನನಗ ಕರಿ ಎಲ್ಲೂ ಕಾಣಂಗಿಲ್ಲ. ಎಲ್ಲಾ ಬೆಳಕ ಐತಿ."

"ಕಾಣಂಗಿಲ್ಲವಾ" ಎಂದರು ಡಾಕ್ಟರಮ್ಮ. "ನಿಮ್ಮ ಬೆನ್ನ ಹಿಂದ ಏನ ಕಾಣ್ತೈತಿ ಹೇಳ್ರಿ. ಕರಿ ಕಾಣ್ತೈತೇನು? ಇಲ್ಲ. ಏನೂ ಇಲ್ಲ ಅಂತನೂ ಕಾಣಂಗಿಲ್ಲ. ಹಂಗ ಇದು. ಕಣ್ಣ ಬಿಟ್ಟದ್ದನ್ನ ತಲಿ ತುಂಬತೈತಿ. ಅದಕ್ಕ ನಿಮಗ ಇಷ್ಟ ವರ್ಷ ಗೊತ್ತಾಗಿಲ್ಲ."

ಕಾಕು ಕೈಗಳನ್ನು ತೊಡೆಯ ಮೇಲಿಟ್ಟುಕೊಂಡಳು. ಆಮೇಲೆ ಕೇಳಿದಳು.

"ನನಗ ಇಪ್ಪತ್ತೆರಡ ಇದ್ದಾಗೂ ಹಿಂಗ ಇತ್ತೇನ್ರಿ?"

"ಇಷ್ಟ ಸಣ್ಣ ಆಗಿರಲಿಕ್ಕಿಲ್ಲ. ಆದ್ರ ಬಾಜೂಕಿಂದು ಆಗಲೇ ಬಾಳ ಹೋಗಿರತೈತಿ. ಯಾಕ್ರಿ?"

ಕಾಕು ಕಾಗದವನ್ನು ಮಡಿಚಿ ನನ್ನ ಕೈಗಿಟ್ಟು ಎದ್ದಳು.

ಮರುದಿನ ಬೆಳಿಗ್ಗೆ ರೊಟ್ಟಿಯ ಒಲೆಯನ್ನೇ ಹೊತ್ತಿಸದೆ ನಮ್ಮ ಮನೆಗೆ ಬಂದಳು.

"ಸಮ್ರೀನ, ನನ್ನ ಅಂಗಳಾ ಬರಿ."

ಯಾವ ಅಂಗಳವೆಂದು ನಾನು ಕೇಳಲಿಲ್ಲ. ಆಕೆ ಹೇಳುತ್ತ ಹೋದಳು, ನಾನು ಬರೆಯುತ್ತ ಹೋದೆ. ಹೊಸ್ತಿಲು ಇಲ್ಲಿ. ಗೋವಿನಜೋಳದ ರಾಶಿ ಇಲ್ಲಿ, ನಾ ಕುಂತದ್ದು ಇಲ್ಲಿ. ಬೇವಿನ ಗಿಡ, ಅದರ ನೆರಳು ಈ ಕಡೆ. ಎಮ್ಮಿ ಗೂಟ. ಭರಮವ್ವನ ಗ್ವಾಡಿ ಇಷ್ಟ ಎತ್ತರ. ತೊಟ್ಟಿ. ತೊಟ್ಟಿಯ ಕಟ್ಟೆ ಅಂದಾಗ ದನಿ ಸಣ್ಣದಾಯಿತು. ಅದರ ಮೇಲೆ ಕೈಯಿಟ್ಟು ನಿಂತ ಮಗುವನ್ನು ನಾನಾಗಿಯೇ ಬರೆದೆ, ಬೆನ್ನು ಕಟ್ಟೆಗೆ ಒರಗಿಸಿ, ಮುಖ ಈ ಕಡೆಗೆ. ಕೆಂಪು ಅಂಗಿ ಹಾಕಿದೆ. ಅಂಗಿಯ ಬಣ್ಣವನ್ನು ಆಕೆ ಹೇಳಿರಲಿಲ್ಲ, ನಾನು ಕೇಳಿರಲಿಲ್ಲ.

ಆಮೇಲೆ ಇನ್ನೊಂದು ಹಾಳೆಯಲ್ಲಿ ಅದೇ ಅಂಗಳವನ್ನು ಬರೆದೆ. ಈ ಸಲ ಕರಿ ಬಣ್ಣ ಮುಟ್ಟಲಿಲ್ಲ. ಬೇವಿನ ಗಿಡವಿತ್ತು, ಗೂಟವಿತ್ತು. ಅವುಗಳಾಚೆ ತೊಟ್ಟಿ ಮತ್ತು ಮಗು ಇದ್ದಲ್ಲಿಗೆ ಬಿಸಿಲು ಬಿದ್ದ ನೆಲವನ್ನೇ ಎಳೆದು ತಂದೆ, ಒಂದು ಗೆರೆಯೂ ಮುರಿಯದಂತೆ. ನೋಡಿದವರಿಗೆ ಅದು ಪೂರ್ತಿಯಾದ ಒಂದು ಅಂಗಳ. ಏನೋ ಕಡಿಮೆಯಾಗಿದೆ ಎಂದು ಯಾರೂ ಹೇಳಲಾರರು. ಸಂತೆಯ ಚಿತ್ರಕ್ಕೆ ಕಪ್ಪು ಬಳಿದು ನಾನು ಎಷ್ಟು ತಪ್ಪು ತಿಳಿಸಿದ್ದೆ ಎಂದು ಅರಿವಾದದ್ದು ಅದನ್ನು ಬರೆಯುವಾಗ.

ಎರಡನ್ನೂ ಗೋಡೆಗೆ ಒರಗಿಸಿ ಇಟ್ಟೆ. ಕಾಕು ಬರಿದಾದ ಅಂಗಳವನ್ನು ಮೊದಲು ನೋಡಿದಳು.

"ಇದ ನೋಡು ನಾ ಕಂಡದ್ದು. ಹಿಂಗ ಇತ್ತ. ಹುಬೇಹೂಬ ಹಿಂಗ."

ಆಮೇಲೆ ಇನ್ನೊಂದರ ಮುಂದೆ ಕುಳಿತಳು. ಹೊಸ್ತಿಲಿನಿಂದ ಶುರುಮಾಡಿ, ಬೆರಳಿನಿಂದ ದಾರಿ ಹಿಡಿದು ಮಗುವಿನವರೆಗೆ ಬಂದಳು. ನಾನು ಕಾದೆ. ಇಷ್ಟು ವರ್ಷದ ಭಾರ ಇಳಿಯುತ್ತದೆ, ನನ್ನ ತಪ್ಪಲ್ಲ ಎಂದು ಆಕೆ ಅಳುತ್ತಾಳೆ, ಹಗುರಾಗುತ್ತಾಳೆ ಎಂದುಕೊಂಡಿದ್ದೆ.

"ಅಂದ್ರ ಅಂವಾ ಅಲ್ಲೇ ಇದ್ದ" ಎಂದಳು.

ಮುಖವನ್ನು ಚಿತ್ರದ ಹತ್ತಿರ ತಂದಳು.

"ಇಷ್ಟ ದಿನಾ ಇರಲಿಲ್ಲ ಅಂತನ ತಿಳ್ಕೊಂಡಿದ್ದೆ ನಾ. ಎಲ್ಲೋ ಗೂಟದ ಹಿಂದ ಇದ್ದ, ಆಮ್ಯಾಲ ಬಂದ ಬಿದ್ದ, ಭರಮವ್ವಗ ಏನೋ ಭ್ರಾಂತಿ ಆಗೇತಿ ಅಂತ. ಇಲ್ಲ. ನನ್ನ ಮುಂದನ ನಿಂತಿದ್ದ. ನನ್ನ ಕಣ್ಣ ಅಂವನ್ನ ಅಳಿಸಿ ಮಣ್ಣ ತೋರಿಸ್ತು."

ಅಮ್ಮ ಬಂದು ಆಕೆಯನ್ನು ತಬ್ಬಿಕೊಂಡಳು. ಕಾಕು ಅಳಲಿಲ್ಲ. ಮಗುವಿನ ಚಿತ್ರದ ಮೇಲೆ ಇಟ್ಟ ಬೆರಳನ್ನು ತೆಗೆಯಲೂ ಇಲ್ಲ.

ಕೆಲವು ದಿನ ಕಳೆದ ಮೇಲೆ ತುಕ್ಕಾನಟ್ಟಿಗೆ ಹೋಗೋಣ ಎಂದು ಆಕೆಯೇ ಹೇಳಿದಳು. ಅಮ್ಮ, ನಾನು, ಕಾಕು ಮೂವರೂ ಮೂಡಲಗಿಯಲ್ಲಿ ಬಸ್ಸು ಬದಲಿಸಿ ಹೋದೆವು. ಎರಡು ಚಿತ್ರ, ಹಳದಿ ರಟ್ಟು, ಆಸ್ಪತ್ರೆಯ ಕಾಗದ ನನ್ನ ಚೀಲದಲ್ಲಿದ್ದವು. ಉದ್ದವ್ವ ತೀರಿಕೊಂಡು ಬಹಳ ವರ್ಷವಾಗಿತ್ತು. ಭರಮವ್ವ ಇದ್ದಳು, ಬಾಗಿದ ಬೆನ್ನಿನ ಮುದುಕಿ. ಕಾಕುನ ಗುರುತು ಹಿಡಿದು ಬಾಗಿಲ ಚೌಕಟ್ಟು ಹಿಡಿದುಕೊಂಡು ನಿಂತುಬಿಟ್ಟಳು.

"ಬೈಯಾಕ ಬಂದಿಲ್ಲವ್ವ. ಕುಂಡ್ರ ಬಾ" ಎಂದಳು ಕಾಕು.

ಕಟ್ಟೆಯ ಮೇಲೆ ಕುಳಿತು ಹಳದಿ ರಟ್ಟನ್ನು ಕಾಕುನೇ ಅವಳ ಕೈಗೆ ಕೊಟ್ಟಳು. ಹೀಗೆ ಹಿಡಿ, ಹೀಗೆ ನೋಡು ಎಂದು ಕಲಿಸಿದಳು. ಭರಮವ್ವನ ಕಣ್ಣಿನಲ್ಲೂ ಚುಕ್ಕೆ ಮಾಯವಾಯಿತು. ಅವಳು ಬೆಚ್ಚಿ ರಟ್ಟನ್ನು ತೊಡೆಯ ಮೇಲೆ ಇಳಿಸಿದಳು. ಆಗ ನಾನು ಎರಡು ಅಂಗಳಗಳನ್ನು ಮುಂದಿಟ್ಟು ವಿಷಯ ಹೇಳಿದೆ. ನಿನಗೆ ಚುಕ್ಕೆಯಷ್ಟು ಹೋದದ್ದು, ಕಾಕುಗೆ ಅಂಗಳದಷ್ಟು ಹೋಗಿತ್ತು ಎಂದೆ.

"ಯವ್ವಾ, ನಾ ಖರೇನ ಹೇಳಿದ್ನೆವಾ. ನಾ ಏನ ಕಂಡೆ ಅದನ್ನ ಹೇಳಿದೆ" ಎಂದು ಭರಮವ್ವ ಅಳತೊಡಗಿದಳು.

"ನೀ ಖರೇನ ಹೇಳಿದಿ. ನಾನೂ ಖರೇನ ಹೇಳಿದೆ" ಎಂದಳು ಕಾಕು. "ನೀ ಒಂದ ಸಲಾ ಕೂಗಿದ್ದರ ಆಗತಿತ್ತ. ಆದ್ರ ನೀ ಯಾಕ ಕೂಗತಿ? ನಾ ನೋಡೀನಿ ಅಂತನ ನಿನಗ ಕಂಡಿತ್ತಲ್ಲ."

ಲಕ್ಕಪ್ಪ ಗಾಣದಲ್ಲಿದ್ದ. ಸುದ್ದಿ ತಿಳಿದು ಹೆಗಲ ಮೇಲಿನ ಟವೆಲ್ಲಿನಿಂದ ಮುಖ ಒರೆಸಿಕೊಳ್ಳುತ್ತ ಬಂದ. ತಲೆಕೂದಲು ಪೂರ್ತಿ ಬೆಳ್ಳಗಾಗಿತ್ತು. ಎರಡನೆಯ ಹೆಂಡತಿ ಬಾಗಿಲಿನಲ್ಲಿ ನಿಂತು ನಮಗೆ ನೀರು ಕೊಟ್ಟು ಒಳಗೆ ಹೋದಳು. ಲಕ್ಕಪ್ಪ ಆಸ್ಪತ್ರೆಯ ಕಾಗದ ತಿರುವಿ ನೋಡಿ ನನಗೆ ಮರಳಿಸಿದ. ಅದು ಅವನಿಗೆ ಏನೂ ಹೇಳಲಿಲ್ಲ. ಬರಿದಾದ ಅಂಗಳವನ್ನು ನೋಡಿದ, ಆಮೇಲೆ ಮಗು ನಿಂತ ಅಂಗಳವನ್ನು ನೋಡಿದ. ಒಂದರಿಂದ ಇನ್ನೊಂದಕ್ಕೆ ಎಷ್ಟೋ ಸಲ ಕಣ್ಣು ಹೊರಳಿಸಿದ.

"ನಾ ನಿನಗ ಏನೂ ಅಂದಿಲ್ಲ" ಎಂದ ಕೊನೆಗೆ, ಕಾಕುನ ಕಡೆ ನೋಡದೆ.

"ಅನ್ನಲಿಲ್ಲರಿ. ಏನರೆ ಅಂದಿದ್ದರ ಎದರ ಮಾತಾಡತಿದ್ದೆ. ನೀವು ಏನೂ ಅನ್ನಲಿಲ್ಲ."

ಲಕ್ಕಪ್ಪ ಚಿತ್ರದ ಮೇಲೆ ಬಗ್ಗಿದ. ಬೆಲ್ಲದ ಕೊಪ್ಪರಿಗೆಯ ಬಿಸಿಗೆ ಒಡೆದ ದಪ್ಪ ಬೆರಳನ್ನು ಮಗುವಿನ ಅಂಗಿಯ ಮೇಲೆ ಇಟ್ಟ.

"ಕೆಂಪ ಅಲ್ಲ" ಎಂದ. "ಹಸರ ಅಂಗಿ ಇತ್ತ. ನಾನ ಮೂಡಲಗಿ ಸಂತಿಯಿಂದ ತಂದಿದ್ದೆ. ದೊಡ್ಡದ ಆಗಿತ್ತ ಅಂವಗ, ತೋಳ ಮಡಿಚಿ ಹಾಕಿದ್ಲು ಈಕಿ." ಅಷ್ಟು ಹೇಳಿ ಟವೆಲ್ಲನ್ನು ಬಾಯಿಗೆ ಒತ್ತಿಕೊಂಡ. ದೊಡ್ಡ ದೇಹ ಕುಳಿತಲ್ಲೇ ಅಲ್ಲಾಡಿತು. ಕಾಕು ಕೈ ಚಾಚಿದಳು. ಅವನ ಕೈ ಎಲ್ಲಿದೆ ಎಂದು ಹುಡುಕಿ, ಸಿಗದೆ, ಹಿಂದಕ್ಕೆ ತೆಗೆದುಕೊಂಡಳು.

ಚಿತ್ರವನ್ನು ಇಟ್ಟುಕೊಳ್ಳಿ ಎಂದೆ. "ಬ್ಯಾಡ್ರಿ ಟೀಚರ್. ಈ ಮನ್ಯಾಗ ಮತ್ತ ಮಕ್ಕಳದಾರ. ಎಲ್ಲಿ ಇಡಲಿ?" ಎಂದ. ಆದರೆ ನಾವು ಎದ್ದಾಗ ಅವನೂ ಎದ್ದು, "ಹೊಲಕ್ಕ ಬಾ" ಎಂದು ಕಾಕುಗೆ ಮಾತ್ರ ಕೇಳುವಂತೆ ಹೇಳಿದ.

ಅಂದು ಹೋಗಗೊಡದ ಜಾಗಕ್ಕೆ ಆಕೆ ಹೋದದ್ದು ಈಗ. ಆಳೆತ್ತರ ಕಬ್ಬು. ಬದುವನ್ನು ಎಂದೋ ಒಡೆದು ನೆಲ ಸಮ ಮಾಡಿದ್ದರು. ಲಕ್ಕಪ್ಪ ಸಾಲುಗಳ ನಡುವೆ ಹೋಗಿ ನಿಂತು, ಮತ್ತೆ ಹಿಂದಕ್ಕೆ ಬಂದು, ಇನ್ನೊಂದು ಸಾಲಿಗೆ ಹೊಕ್ಕ. "ಇಲ್ಲೇ ಎಲ್ಲೋ" ಎಂದ. ಆಮೇಲೆ, "ಇಲ್ಲೇ" ಎಂದು ಗಟ್ಟಿಯಾಗಿ ಹೇಳಿದ. ಅವನಿಗೆ ನಿಜವಾಗಿ ಗುರುತು ಸಿಕ್ಕಿತೋ, ಆಕೆಗಾಗಿ ಹಾಗೆ ಹೇಳಿದನೋ ನನಗೆ ಗೊತ್ತಿಲ್ಲ. ಕಾಕುನ ಕೈ ಹಿಡಿದು ಬಗ್ಗಿಸಿ ಮಣ್ಣಿನ ಮೇಲೆ ಇಟ್ಟ. ಕಾಕು ಕುಳಿತಳು. ಅಮ್ಮ ನನ್ನ ತೋಳು ಹಿಡಿದು ದೂರ ಕರೆದೊಯ್ದಳು. ಇಬ್ಬರೂ ಅಲ್ಲಿ ಏನು ಮಾತಾಡಿದರೋ, ಆಡಲೇ ಇಲ್ಲವೋ, ಕಬ್ಬಿನ ಗರಿಗಳ ಸದ್ದಿನಲ್ಲಿ ನಮಗೆ ಕೇಳಲಿಲ್ಲ.

ಮರಳುವಾಗ ಬಸ್ಸಿನಲ್ಲಿ ಕಾಕು ಕಿಟಕಿಗೆ ಕುಳಿತಿದ್ದಳು. ಮೂಡಲಗಿ ದಾಟಿದ ಮೇಲೆ ಅಮ್ಮನ ಕಡೆ ತಿರುಗಿದಳು.

"ನನಗ ಅಂವಾ ಕಾಣಲಿಲ್ಲ. ಅಂವಗ ನಾ ಕಂಡಿರತೇನಲ್ಲ ಮೌಲಾಬಿ?"

ಅಮ್ಮ ಆಕೆಯ ಕೈ ಹಿಡಿದಳು.

"ಅವ್ವಾ ಅನ್ನಾಕ ಬರತಿತ್ತ ಅಂವಗ. ಕರದಿದ್ದರ ಕೇಳತಿತ್ತ, ನನ್ನ ಕಿವಿ ಛಲೋ ಅದಾವ. ಕರೀಲಿಲ್ಲ ನೋಡು ಕೂಸು. ಯಾಕ ಕರೀಬೇಕ? ಅವ್ವ ನನ್ನ ನೋಡಾಕತ್ತಾಳ ಅಂತ ತಿಳಕೊಂಡ ನಿಂತಿರತಾನ."

ಅದಕ್ಕೆ ನನ್ನ ಹತ್ತಿರ ಯಾವ ಚಿತ್ರವೂ ಇರಲಿಲ್ಲ. ಆಗ ಆಕೆ ಅತ್ತಳು. ಗೋಕಾಕದ ನಿಲ್ದಾಣದಲ್ಲಿ ಜನ ಇಳಿದು ಮುಗಿದ ಮೇಲೂ ಅಳುತ್ತಿದ್ದಳು. ಕಂಡಕ್ಟರು ನೋಡಿ ಕೆಳಗಿಳಿದು ಹೋದ.

ಈಗ ಕಾಕುನ ನೋಟ ಇನ್ನೂ ಸಣ್ಣದಾಗಿದೆ. ಎದುರು ಕುಳಿತವರ ಮುಖ ಒಮ್ಮೆಗೇ ಕಾಣುವುದಿಲ್ಲವಂತೆ, ಕಣ್ಣು ಬೇರೆ, ಬಾಯಿ ಬೇರೆ ನೋಡಬೇಕು. ಕೈ ಅಂದಾಜಿನ ಮೇಲೆ ರೊಟ್ಟಿ ಬಡಿಯುವುದು ನಡೆದಿದೆ. ಓಣಿಯವರು ಸೊಕ್ಕು ಅನ್ನುವುದನ್ನು ಬಿಟ್ಟಿದ್ದಾರೆ, ಅಮ್ಮ ಮನೆಮನೆಗೆ ಹೋಗಿ ಹೇಳಿ ಬಂದಳು. ಶಿಬಿರಗಳಿಗೆ ಕಪ್ಪು ಸುತ್ತಿದ ಸಂತೆಯ ಚಿತ್ರವನ್ನು ನಾನು ಕೊಡುವುದಿಲ್ಲ. ಅದರ ಬದಲು ಎರಡು ಅಂಗಳಗಳನ್ನು ಹೊಸದಾಗಿ ಬರೆದು ಕೊಟ್ಟಿದ್ದೇನೆ, ಮಗುವಿನ ಜಾಗದಲ್ಲಿ ಒಂದು ಕರು ನಿಂತಿದೆ. ಹಾಗೆ ಬರೆಯಲು ಹೇಳಿದವಳು ಕಾಕು.

ಮೊದಲಿನ ಚಿತ್ರ ಆಕೆಯ ಕೋಣೆಯಲ್ಲಿದೆ. ತುಕ್ಕಾನಟ್ಟಿಯಿಂದ ಬಂದ ಮೇಲೆ ಅಂಗಿಗೆ ಹಸಿರು ಬಳಿದು, ತೋಳು ಮಡಿಚಿ ಕೊಟ್ಟೆ. ಕಾಕು ಅದನ್ನು ಕಿಟಕಿಯ ಬೆಳಕಿಗೆ ಹಿಡಿದು, ಮುಖವನ್ನು ಮೆಲ್ಲಗೆ ಎಡದಿಂದ ಬಲಕ್ಕೆ ತಂದು, ಮಗು ಸಿಕ್ಕಲ್ಲಿ ನಿಲ್ಲಿಸುತ್ತಾಳೆ. ಹಾಗೆ ಹಿಡಿದುಕೊಂಡು ಬಹಳ ಹೊತ್ತು ಅಲ್ಲಾಡದೆ ಕುಳಿತಿರುತ್ತಾಳೆ.